ಉಬುಂಟು ಹೊಸದಾಯ್ತು, ಆರ್ಡೊರ್ ಸುಮ್ಮನಾಯ್ತು

ಪ್ರಶ್ನೆ: ನಮ್ಮೂರಿನ ಭಜನಾ ಮಂಡಳಿಯ ತತ್ವಪದಗಳನ್ನು ಆರ್ಡೊರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ ಉಬುಂಟು 22.04ರಿಂದ 24.04ಕ್ಕೆ ಬಂದ ಮೇಲೆ ಯೂಟ್ಯೂಬ್ ಸದ್ದು ಕೇಳುತ್ತದೆ, ಆದರೆ ಆರ್ಡೊರ್‌ಗೆ ಸದ್ದು ತಲುಪಿಸುವ ಜ್ಯಾಕ್ (JACK) ಶುರುವಾಗುವುದಿಲ್ಲ. ಹಳೆಯ ಹಾಡುಗಳೆಲ್ಲಾ ಹೋದವಾ ಸರ್?
– ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಹೆದರಬೇಡಿ. ಹಾಡುಗಳು ನಿಮ್ಮ ಸೆಷನ್ ಫೋಲ್ಡರ್‌ನಲ್ಲೇ ಇರುತ್ತವೆ. ಆದರೂ ಆ ಪೂರ್ತಿ ಫೋಲ್ಡರ್ ಅನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹಿರಿಯರು ಹಾಡಿದ ಪದಗಳು, ಮತ್ತೆ ಸಿಗುವುದಿಲ್ಲ ಅಲ್ವಾ?

22.04ರಲ್ಲಿ ಸದ್ದಿನ ಉಸ್ತುವಾರಿ ಪಲ್ಸ್‌ಆಡಿಯೊದ್ದು. 22.10ರಿಂದ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ, ಅದು ಸೌಂಡ್ ಕಾರ್ಡ್ ಹಿಡಿದುಕೊಂಡಿದ್ದಾಗ ಹಳೆಯ ಜ್ಯಾಕ್ ಸರ್ವರ್‌ಗೆ ಕಾರ್ಡ್ ಸಿಗುವುದಿಲ್ಲ. ಜ್ಯಾಕ್‌ನ ಕೆಲಸವನ್ನು ಪೈಪ್‌ವೈರ್ ತಾನೇ ಮಾಡಬಲ್ಲದು. ‘ಪೈಪ್‌ವೈರ್-ಜ್ಯಾಕ್’ (pipewire-jack) ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯು-ಜ್ಯಾಕ್’ (pw-jack) ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆರ್ಡೊರ್ ಹೆಸರು ಸೇರಿಸಿ ಎಂಟರ್ ಒತ್ತಿ, ಆಮೇಲೆ ಆಡಿಯೊ ಸೆಟಪ್‌ನಲ್ಲಿ ಜ್ಯಾಕ್ ಆರಿಸಿ. ಜ್ಯಾಕ್ ನಿಯಂತ್ರಿಸುವ ಕ್ಯೂಜ್ಯಾಕ್‌ಸಿಟಿಎಲ್‌ (QjackCtl) ತಂತ್ರಾಂಶದಲ್ಲಿ ಸರ್ವರ್ ಶುರು ಮಾಡಲು ಹೋಗಬೇಡಿ, ಅದರ ಅಗತ್ಯವೇ ಇಲ್ಲ.

ಇನ್ನು ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು. ಅದು ದೊಡ್ಡದಾದಷ್ಟೂ ಸದ್ದು ತಡವಾಗಿ ಕೇಳುತ್ತದೆ. 48,000 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಅಂದರೆ ಸುಮಾರು 5.3 ಮಿಲಿಸೆಕೆಂಡ್, 1024 ಅಂದರೆ 21. ಹೆಡ್‌ಫೋನ್ ಹಾಕಿಕೊಂಡು ತಬಲಾ ನುಡಿಸುವವರಿಗೆ 21 ಜಾಸ್ತಿಯಾಗುತ್ತದೆ, ಲಯ ಜಾರುತ್ತದೆ. 256ರಿಂದ ಶುರು ಮಾಡಿ, ತಾಳದ ಸದ್ದು ಚಟಚಟ ಒಡೆದರೆ 512ಕ್ಕೆ ಏರಿಸಿ. ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯು-ಟಾಪ್’ (pw-top) ತೆರೆದಿಟ್ಟುಕೊಂಡರೆ ಸದ್ದು ಒಡೆದಾಗೆಲ್ಲ ‘ಇಆರ್‌ಆರ್’ (ERR) ಕಾಲಂನ ಸಂಖ್ಯೆ ಏರುವುದು ಕಾಣುತ್ತದೆ.

ಆರ್ಡೊರ್‌ಗೆ ಸೇರಿಸಿಕೊಂಡ ಪ್ಲಗಿನ್ (ಸದ್ದು ತಿದ್ದುವ ಉಪತಂತ್ರಾಂಶ) ಏನಾದರೂ ಕಾಣದಿದ್ದರೆ, ಕಾರಣ ಇದಿರಬಹುದು: ಅಪ್‌ಗ್ರೇಡ್ ಹೊತ್ತಿನಲ್ಲಿ ಉಬುಂಟು ಹೊರಗಿನ ರೆಪೊಸಿಟರಿಗಳನ್ನು (ತಂತ್ರಾಂಶ ಸಿಗುವ ಮೂಲಗಳನ್ನು) ಬಂದ್ ಮಾಡುತ್ತದೆ, ಅವನ್ನು 24.04ಕ್ಕೆ ತಕ್ಕಂತೆ ಮತ್ತೆ ಸೇರಿಸಿಕೊಳ್ಳಿ.