ನೀರು ಮುಟ್ಟದ ಹುಡುಗ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ಕಲಬುರಗಿ ನಗರದ್ದು. ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ 13 ವರ್ಷ. ಎಂಟನೇ ತರಗತಿಯಲ್ಲಿ ಓದುತ್ತಿದ್ದು, ಫುಟ್ಬಾಲ್ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿದ್ದ. ತಂದೆ ತೊಗರಿಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ತಂಡವು ಜುಲೈ ತಿಂಗಳಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಕ್ಕೆ ಹೊರಟಿತ್ತು. ಮೊದಲು ಕೆಲವು ದಿನ ತರಬೇತಿ, ಆಮೇಲೆ 1975ರಲ್ಲಿ ಶುರುವಾದ ಗೋಥಿಯಾ ಕಪ್ ಎಂಬ ಮಕ್ಕಳ ಪಂದ್ಯಾವಳಿ. ಏಪ್ರಿಲ್ ಕೊನೆಯ ಒಂದು ಸಂಜೆ ಹುಡುಗ ಅಭ್ಯಾಸದ ನಡುವೆಯೇ ಕಾಲಿನ ಸ್ನಾಯು ಹಿಡಿದುಕೊಂಡು ಕುಸಿದ. ಕೋಚ್ ಅವನ ಚೀಲ ತೆರೆದು ನೋಡಿದಾಗ ನೀರಿನ ಬಾಟಲಿ ಮನೆಯಿಂದ ತಂದಂತೆಯೇ ತುಂಬಿತ್ತು. ಬಿಸಿಲು 42 ಡಿಗ್ರಿ ಮುಟ್ಟುವ ಊರಿನಲ್ಲಿ ಎರಡು ವಾರದಿಂದ ಅವನು ಮೈದಾನದಲ್ಲಿ ಒಂದು ಗುಟುಕನ್ನೂ ಕುಡಿದಿರಲಿಲ್ಲವೆಂದು ಜೊತೆಯ ಮಕ್ಕಳು ಹೇಳಿದರು. ಪರದೇಶಕ್ಕೆ ಹೋಗುವ ಭಯವಿರಬೇಕೆಂದು ಕೋಚ್ ಅವನನ್ನು ನನ್ನಲ್ಲಿಗೆ ಕಳುಹಿಸಿದರು.

ನಾನೂ ಅದನ್ನೇ ನಂಬಿದೆ. ಮೊದಲ ಎರಡು ಭೇಟಿಗಳನ್ನು ವಿಮಾನ, ಇಂಗ್ಲಿಷ್, ಅಲ್ಲಿಯ ಊಟ ಎಂದು ಕಳೆದು, ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ. ಅವನು ಎಲ್ಲಕ್ಕೂ 'ಹೂಂ ರಿ ಮೇಡಂ' ಎಂದ. ಆ ವಿಧೇಯತೆಯನ್ನು ಸುಧಾರಣೆಯೆಂದು ಬರೆದುಕೊಂಡದ್ದು ನನ್ನ ತಪ್ಪು.

ಮೂರನೆಯ ಸಲ ತಾಯಿ ಒಬ್ಬರೇ ಬಂದರು. ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬಂದ ಸುದ್ದಿ ಹೇಳುತ್ತ, "ರೈಲಿನ್ಯಾಗ ಬರ್ತ್ ಇದ್ರೂ ಮಲಗಲಿಲ್ರಿ, ರಾತ್ರಿಪೂರಾ ಕಿಡಕಿಗೆ ತಲಿ ಹಚ್ಚಿ ಕುಂತಿದ್ದ" ಎಂದರು. ವಿಮಾನಕ್ಕೆ ಹೆದರುವ ಹುಡುಗ ರೈಲಿನಲ್ಲಿ ಏಕೆ ಮಲಗಲಿಲ್ಲ? ಮನೆಯಲ್ಲಿ ರಾತ್ರಿ ನಿದ್ದೆ ಹೇಗೆ ಎಂದು ಕೇಳಿದೆ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿ, "ಅಂವ ಇನ್ನಾ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ್ರಿ" ಎಂದರು.

ವಾರಕ್ಕೆ ನಾಲ್ಕೈದು ರಾತ್ರಿ ಹೀಗಾಗುತ್ತಿತ್ತು. ಕೌದಿಯನ್ನು ತಾಯಿ ನಸುಕಿನಲ್ಲೇ ಒಗೆದು ಮಾಳಿಗೆಯ ನೀರಿನ ಟಾಕಿಯ ಹಿಂದೆ, ನೆರೆಮನೆಗೆ ಕಾಣದಂತೆ ಹರವುತ್ತಿದ್ದರು. ನೆನೆದ ಕೌದಿಯನ್ನು ಒಬ್ಬರೇ ಎತ್ತಿ ಅವರ ಸೊಂಟ ಹಿಡಿದಿತ್ತು. ಎಳ್ಳು–ಬೆಲ್ಲ ತಿನ್ನಿಸಿದ್ದರು, ಶರಣಬಸವೇಶ್ವರ ಗುಡಿಗೆ ಹರಕೆ ಹೊತ್ತಿದ್ದರು, ರಾತ್ರಿಗೆ ಎರಡು ಸಲ ಎಬ್ಬಿಸುತ್ತಿದ್ದರು. ತಂದೆ ಬೈಯುತ್ತಿದ್ದರು. ಪಂದ್ಯಾವಳಿಗೆ ಬರುವ ತಂಡಗಳು ಶಾಲೆಯ ಕೋಣೆಗಳಲ್ಲಿ ನೆಲದ ಮೇಲೆ ಹಾಸಿಕೊಂಡು ಒಟ್ಟಿಗೆ ಮಲಗುತ್ತವೆಂದು ಕೋಚ್ ಪಾಲಕರ ಸಭೆಯಲ್ಲಿ ವಿವರಿಸಿದ ದಿನದಿಂದಲೇ ಹುಡುಗ ನೀರು ಬಿಟ್ಟಿದ್ದ.

ಮುಂದಿನ ಭೇಟಿಯಲ್ಲಿ ನಾನು ಹುಡುಗನಿಂದ ತಪ್ಪೊಪ್ಪಿಗೆ ಕೇಳಲಿಲ್ಲ. ನನಗೆ ಗೊತ್ತಾಗಿದೆಯೆಂದು ನೇರವಾಗಿ ಹೇಳಿ, ಇದಕ್ಕೂ ಸೋಮಾರಿತನಕ್ಕೂ ಸಂಬಂಧವಿಲ್ಲವೆಂದು ತಿಳಿಸಿದೆ. ರಾತ್ರಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಕಷ್ಟು ಏರುವುದಿಲ್ಲ, ಕೆಲವರ ಮೂತ್ರಕೋಶ ಬೇಗ ತುಂಬುತ್ತದೆ, ತುಂಬಿದ ಸುಳಿವಿಗೆ ಮಿದುಳು ಎಚ್ಚರವಾಗುವುದಿಲ್ಲ. ಹದಿಹರೆಯದಲ್ಲೂ ನೂರರಲ್ಲಿ ಒಬ್ಬರಿಬ್ಬರಿಗೆ ಈ ತೊಂದರೆ ಉಳಿದಿರುತ್ತದೆ. ಇದನ್ನು ಕೇಳಿ ಅವನು, "ನಮ್ಮ ಸಾಲ್ಯಾಗೂ ಯಾರರ ಇದ್ದಾರೇನ್ರಿ?" ಎಂದು ಮೊದಲ ಬಾರಿಗೆ ತಾನಾಗಿ ಪ್ರಶ್ನೆ ಕೇಳಿದ. ಅಷ್ಟು ದೊಡ್ಡ ಶಾಲೆಯಲ್ಲಿ ಇರಲೇಬೇಕು, ಅವರೂ ನಿನ್ನಂತೆಯೇ ಬಚ್ಚಿಟ್ಟಿದ್ದಾರೆ ಎಂದೆ.

ನೀರು ಬಿಡುವುದು ಪರಿಹಾರವಲ್ಲ, ಅಪಾಯ. ಲೆಕ್ಕ ಹಾಕಿದಾಗ ತಿಳಿದದ್ದೇನೆಂದರೆ, ಶೌಚಾಲಯ ಹೊಲಸೆಂದು ಅವನು ಶಾಲೆಯಲ್ಲಿ ಮೊದಲಿನಿಂದಲೂ ನೀರು ಕುಡಿಯುತ್ತಿರಲಿಲ್ಲ. ದಿನದ ಬಾಯಾರಿಕೆಯನ್ನೆಲ್ಲ ಅಭ್ಯಾಸ ಮುಗಿಸಿ ಮನೆಗೆ ಬಂದು ರಾತ್ರಿ ತೀರಿಸಿಕೊಳ್ಳುತ್ತಿದ್ದ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಹೆಚ್ಚಿನ ಪಾಲು ನೀರು ಕುಡಿಯಬೇಕು, ಆಡುವಾಗ ಬೇಕಾದಷ್ಟು ಕುಡಿಯಲೇಬೇಕು, ರಾತ್ರಿಯ ಊಟದ ನಂತರ ಮಾತ್ರ ಕಡಿಮೆ ಮಾಡಬೇಕು ಎಂದು ಸಲಹೆ ನೀಡಿದೆ. ತರಗತಿಯ ನಡುವೆ ಅವನು ಕೇಳಿದಾಗಲೆಲ್ಲ ಹೊರಗೆ ಬಿಡಬೇಕೆಂದು, ಕಾರಣ ಹೇಳದೆ, ಶಾಲೆಗೆ ಪತ್ರ ಕೊಟ್ಟೆ. ರಾತ್ರಿ ಎಬ್ಬಿಸುವುದರಿಂದ ಆ ರಾತ್ರಿಯ ಹಾಸಿಗೆ ಒಣಗಿರಬಹುದೇ ಹೊರತು ರೋಗ ವಾಸಿಯಾಗದು, ಇಬ್ಬರ ನಿದ್ದೆಯೂ ಕೆಡುತ್ತದೆ ಎಂದು ತಾಯಿಗೆ ತಿಳಿಸಿದೆ.

ಮಕ್ಕಳ ವೈದ್ಯರಲ್ಲಿಗೆ ಕಳುಹಿಸುವುದನ್ನು ಮುಂದೂಡಲಿಲ್ಲ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಇವುಗಳನ್ನು ತಳ್ಳಿಹಾಕದೆ ಮನಸ್ಸಿನ ಮಾತಾಡುತ್ತ ಕೂರುವುದು ಸರಿಯಲ್ಲ. ಅವನಿಗೆ ಮಲಬದ್ಧತೆ ಇತ್ತು. ಗಟ್ಟಿ ಮಲ ಮೂತ್ರಕೋಶವನ್ನು ಒತ್ತುತ್ತದಾದ್ದರಿಂದ ಮೊದಲು ಅದರ ಚಿಕಿತ್ಸೆಯಾಯಿತು. ಹಾಸಿಗೆ ಒದ್ದೆಯಾದೊಡನೆ ಸದ್ದು ಮಾಡಿ ಎಬ್ಬಿಸುವ ಅಲಾರಂ ಸಾಧನ ಹೆಚ್ಚು ಕಾಲ ನಿಲ್ಲುವ ಫಲ ಕೊಡುತ್ತದೆ, ಆದರೆ ಅದಕ್ಕೆ ಎರಡು ಮೂರು ತಿಂಗಳು ಬೇಕು. ಆದ್ದರಿಂದ ಪ್ರವಾಸದ ಮಟ್ಟಿಗೆ ವೈದ್ಯರು, ಆ ಹಾರ್ಮೋನಿನಂತೆಯೇ ರಾತ್ರಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಡೆಸ್ಮೋಪ್ರೆಸಿನ್ ಮಾತ್ರೆ ಬರೆದು, ಹೊರಡುವುದಕ್ಕೆ ಆರು ವಾರ ಮೊದಲೇ ಮನೆಯಲ್ಲಿ ಆರಂಭಿಸಿ ಪ್ರಮಾಣ ಹೊಂದಿಸಿದರು. ಈ ಮಾತ್ರೆಗೆ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ನೀರು ಹೆಚ್ಚು ಕುಡಿದರೆ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರುವ ಅಪಾಯವೂ ಇರುವುದರಿಂದ, ಅಂಗಡಿಯಿಂದ ಕೊಂಡು ತಾವಾಗಿ ಕೊಡುವಂಥದ್ದು ಇದಲ್ಲ.

ತಂದೆಯ ವಿಷಯ ಕಷ್ಟದ್ದಾಗಿತ್ತು. ತಂದೆ ತಾಯಿಯರಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಈ ತೊಂದರೆಯಿದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಶೇ. 44, ಇಬ್ಬರಿಗೂ ಇದ್ದರೆ ಸುಮಾರು ಶೇ. 77 ಎಂದು ಹೇಳಿ, ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಅವರನ್ನು ಕೇಳಿದೆ. ಅವರು ಇಲ್ಲವೆಂದರು. ಹೊರಗೆ ಹೋಗಿ, ಗಾಡಿ ಚಾಲೂ ಮಾಡಿ, ಮತ್ತೆ ಬಂದ್ ಮಾಡಿ ಒಳಗೆ ಬಂದು, "ನನಗೂ ಇತ್ರಿ. ಹಾಸ್ಟೆಲಿನ್ಯಾಗ ಭಾಳ ಹೊಡೆತ ತಿಂದೀನಿ" ಎಂದರು. ಮಗನಿಗೆ ಹೇಳಿ ಎಂದದ್ದಕ್ಕೆ ಉತ್ತರ ಕೊಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬೈಯುವುದನ್ನು ಇಂದಿನಿಂದ ನಿಲ್ಲಿಸಿ ಎಂದಷ್ಟೇ ಕೇಳಿಕೊಂಡೆ. ಹತ್ತು ದಿನದ ಮೇಲೆ, ಬ್ಯಾಂಕಿಗೆ ಹೋಗುವಾಗ ಅಪ್ಪ ಗಾಡಿ ಹೊಡೆಯುತ್ತಲೇ, ಹಿಂದೆ ತಿರುಗದೆ, ಅದನ್ನು ಹೇಳಿದರೆಂದು ಹುಡುಗನೇ ನನಗೆ ತಿಳಿಸಿದ.

ಪ್ರವಾಸದಲ್ಲಿ ಯಾರಿಗೆ ಗೊತ್ತಿರಬೇಕೆಂಬುದನ್ನು ಹುಡುಗನೇ ತೀರ್ಮಾನಿಸಲಿ ಎಂದು ಬಿಟ್ಟೆ, ಆದರೆ ಔಷಧಿ ಇರುವುದರಿಂದ ಒಬ್ಬ ದೊಡ್ಡವರಿಗಾದರೂ ತಿಳಿದಿರಬೇಕೆಂಬ ಷರತ್ತು ಹಾಕಿದೆ. ಅವನು ಮುಖ್ಯ ಕೋಚ್‌ರನ್ನು ಬಿಟ್ಟು ಸಹಾಯಕರನ್ನು ಆರಿಸಿದ. ಕಪ್ಪು ಬಣ್ಣದ ಮಲಗುವ ಚೀಲ, ಒಳಗೆ ಹೀರುವ ಚಡ್ಡಿ, ಜಿಪ್ ಇರುವ ಕಪ್ಪು ಕೈಚೀಲದಲ್ಲಿ ಬದಲಿ ಬಟ್ಟೆ, ಕೈಗೆ ನಡುಗಿ ಎಬ್ಬಿಸುವ ಗಡಿಯಾರ, ವೈದ್ಯರ ಚೀಟಿಯ ಪ್ರತಿ ಇಷ್ಟನ್ನು ಸಿದ್ಧಪಡಿಸಿದೆವು. ಬಾಗಿಲಿನ ಸಮೀಪದ ಜಾಗ ಅವನಿಗೆ ಸಿಗುವಂತೆ ಸಹಾಯಕರು ನೋಡಿಕೊಳ್ಳಬೇಕಿತ್ತು. ಜುಲೈಯಲ್ಲಿ ಅಲ್ಲಿ ರಾತ್ರಿ 10ರವರೆಗೂ ಬೆಳಕಿರುತ್ತದೆ, ಸಮಯವೂ ನಮಗಿಂತ ಮೂರೂವರೆ ಗಂಟೆ ಹಿಂದೆ. ಆದ್ದರಿಂದ ಕತ್ತಲಾದ ಮೇಲೆ ಎನ್ನದೆ, ಅಲ್ಲಿಯ ಗಡಿಯಾರ ನೋಡಿ ಮಾತ್ರೆ ತೆಗೆದುಕೊಳ್ಳುವಂತೆ ಬರೆದುಕೊಟ್ಟೆ.

ಆಗಸ್ಟ್ ಮೊದಲ ವಾರ ಹುಡುಗ ಬಂದ. ಕೃತಕ ಹುಲ್ಲಿನ ಮೈದಾನದಲ್ಲಿ ಜಾರಿ ತರಚಿದ ಮೊಣಕಾಲು ತೋರಿಸಿದ, ಸೋತ ಪಂದ್ಯದಲ್ಲಿ ಎದುರಾಳಿಯ ಗೋಲ್ ಆಫ್‌ಸೈಡ್ ಆಗಿತ್ತೆಂದು ಕಾಗದದ ಮೇಲೆ ಚಿತ್ರ ಬರೆದು ವಾದಿಸಿದ. ಅರ್ಧ ಗಂಟೆಯ ಮೇಲೆ, ಚಿತ್ರದಿಂದ ತಲೆಯೆತ್ತದೆ, "ಎರಡ ದಿನ ಆಗಿತ್ರಿ ಮೇಡಂ. ಯಾರಿಗೂ ಗೊತ್ತಾಗಲಿಲ್ಲ" ಎಂದ. ಅಲಾರಂ ಚಿಕಿತ್ಸೆಯನ್ನು ಆ ವಾರವೇ ಆರಂಭಿಸಿದೆವು.