ಅವ್ವನ ನೆತ್ತಿಯ ಗಂಟು ಮದುವೆಗೆ ಕಾಯಬಾರದು

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಊರು. ಅವ್ವನಿಗೆ ಆರು ವರ್ಷದ ಹಿಂದೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿ ಗ್ರಂಥಿ ಪೂರ್ತಿ ತೆಗೆದಿದ್ದಾರೆ. ಈಗ ಮೂರು ತಿಂಗಳಿಂದ ನೆತ್ತಿಯಲ್ಲಿ ಗಂಟು. ಮೊನ್ನೆ ತಲೆ ಬಾಚುವಾಗ ರಕ್ತ ಬಂತು. 'ಕೊಬ್ಬಿನ ಗಂಟು, ಇಲ್ಲೇ ಕ್ಲಿನಿಕ್‌ನಲ್ಲಿ ತೆಗೆಸಿದರಾಯ್ತು. ತಮ್ಮನ ಮದುವೆ ಮುಗಿಯುವ ತನಕ ಯಾರಿಗೂ ಹೇಳಬೇಡ' ಎಂದು ಆಣೆ ಹಾಕಿಸಿದ್ದಾರೆ. ಮದುವೆಗೆ ಎರಡು ತಿಂಗಳಿದೆ. ಏನು ಮಾಡಲಿ?

ಉತ್ತರ: ಅವ್ವ ಹೇಳಿದ್ದೇ ನಿಜವಿರಬಹುದು. ಆದರೆ ಥೈರಾಯ್ಡ್ ಕ್ಯಾನ್ಸರ್ ಆದವರ ತಲೆಯಲ್ಲಿ ಹೊಸ ಗಂಟು ಎದ್ದರೆ ಊಹೆಗೆ ಬಿಡಬಾರದು. ಈ ಕ್ಯಾನ್ಸರ್ ಚರ್ಮಕ್ಕೆ ಹರಡುವುದು ಅಪರೂಪ. ಹರಡಿದರೆ ಹೆಚ್ಚಾಗಿ ನೆತ್ತಿಯಲ್ಲೇ ಕಾಣಿಸುತ್ತದೆ, ಅದೂ ಆಪರೇಷನ್ ಆಗಿ ವರ್ಷಗಳು ಕಳೆದ ಮೇಲೆ. ಮುಟ್ಟಿದರೆ ಗಟ್ಟಿ, ನೋವಿಲ್ಲ, ಬಣ್ಣ ಚರ್ಮದ್ದೇ ಅಥವಾ ತುಸು ಕೆಂಪು. ಕೊಬ್ಬಿನ ಗಂಟೆಂದು ಮೋಸ ಹೋಗುವುದು ಹೀಗೇ.

ಕ್ಲಿನಿಕ್‌ನಲ್ಲಿ ಕತ್ತರಿಸಿ ಬುಟ್ಟಿಗೆ ಹಾಕಿದರೆ ಅದು ಏನೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮೊದಲು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಮೈಸೂರಿನಲ್ಲೋ ಸೂಜಿ ಪರೀಕ್ಷೆ (ಎಫ್‌ಎನ್‌ಎಸಿ, ಸಣ್ಣ ಸೂಜಿಯಿಂದ ಗಂಟಿನ ಕಣ ತೆಗೆದು ನೋಡುವುದು) ಮಾಡಿಸಿ. ಕೆಲವೇ ನಿಮಿಷದ ಕೆಲಸ, ಹೊಲಿಗೆ ಬೇಡ. ಸಾಲದಿದ್ದರೆ ಬಯಾಪ್ಸಿ, ಅಂದರೆ ಗಂಟಿನ ಸಣ್ಣ ತುಣುಕು ತೆಗೆದು ಪರೀಕ್ಷೆ. ಲ್ಯಾಬ್ ಫಾರ್ಮ್‌ನಲ್ಲಿ 'ಹಿಂದೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು' ಎಂದು ಬರೆದಿದ್ದಾರೆಯೇ ನೀವೇ ನೋಡಿ. ಅದಿದ್ದರೆ ಬಯಾಪ್ಸಿ ತುಣುಕಿಗೆ ಥೈರಾಯ್ಡ್ ಕಣಗಳಲ್ಲಿ ಕಾಣುವ ಥೈರೋಗ್ಲೋಬ್ಯುಲಿನ್, ಟಿಟಿಎಫ್-1 ಎಂಬ ಪ್ರೋಟೀನ್‌ಗಳ ಬಣ್ಣದ ಪರೀಕ್ಷೆ ಮಾಡಿ ಮೂಲ ಎಲ್ಲಿಯದೆಂದು ಹೇಳುತ್ತಾರೆ. ಇಲ್ಲದಿದ್ದರೆ ಬೇರೆ ಚರ್ಮರೋಗವೆಂದು ದಾರಿ ತಪ್ಪಬಹುದು. ಹಳೆಯ ಡಿಸ್ಚಾರ್ಜ್ ಫೈಲ್, ಬಯಾಪ್ಸಿ ರಿಪೋರ್ಟ್ ಜೊತೆಗಿರಲಿ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕಣಗಳನ್ನು ಪ್ರಚೋದಿಸುವ ಹಾರ್ಮೋನ್) ಮತ್ತು ಥೈರೋಗ್ಲೋಬ್ಯುಲಿನ್ ನೋಡಿಸಿ. ಥೈರೋಗ್ಲೋಬ್ಯುಲಿನ್ ವಿರುದ್ಧದ ಆಂಟಿಬಾಡಿ ಇದ್ದರೆ ಅದರ ಅಂಕಿ ಸುಳ್ಳಾಗಿ ಕಡಿಮೆ ಬರುವುದರಿಂದ ಆಂಟಿಬಾಡಿ ಪರೀಕ್ಷೆಯನ್ನೂ ಸೇರಿಸಿ.

ಒಂದು ಎಚ್ಚರಿಕೆ: ಕ್ಯಾನ್ಸರ್ ತಜ್ಞರನ್ನು ಕೇಳದೆ ಡೈ ಹಾಕುವ ಸಿ.ಟಿ. ಸ್ಕ್ಯಾನ್ ಬೇಡ. ಆ ಡೈನಲ್ಲಿ ಅಯೋಡಿನ್ ಇರುತ್ತದೆ. ಮುಂದೆ ರೇಡಿಯೋ ಅಯೋಡಿನ್ ಚಿಕಿತ್ಸೆ (ಥೈರಾಯ್ಡ್ ಕ್ಯಾನ್ಸರ್ ಕಣಗಳು ಹೀರಿಕೊಂಡು ನಾಶವಾಗಲೆಂದು ಕೊಡುವ ವಿಕಿರಣದ ಅಯೋಡಿನ್) ಬೇಕಾದರೆ, ದೇಹದಲ್ಲಿ ಡೈನ ಅಯೋಡಿನ್ ಇಳಿಯುವ ತನಕ ಒಂದೆರಡು ತಿಂಗಳು ಕಾಯಬೇಕಾಗುತ್ತದೆ.

ರಿಪೋರ್ಟ್ ಕೆಟ್ಟದ್ದೇ ಬಂದರೆ ಶ್ವಾಸಕೋಶ, ಮೂಳೆಯನ್ನೂ ನೋಡುತ್ತಾರೆ. ಗಂಟು ತೆಗೆಯುವುದು, ರೇಡಿಯೋ ಅಯೋಡಿನ್, ಅದಕ್ಕೆ ಬಗ್ಗದಿದ್ದರೆ ಲೆನ್ವಾಟಿನಿಬ್‌ನಂಥ ಮಾತ್ರೆಗಳಿವೆ. ರೇಡಿಯೋ ಅಯೋಡಿನ್‌ಗೆ ಮುಂಚೆ ಥೈರಾಯ್ಡ್ ಮಾತ್ರೆಯನ್ನು 3–4 ವಾರ ನಿಲ್ಲಿಸಿದರೆ ಅವ್ವನಿಗೆ ವಿಪರೀತ ಸುಸ್ತು. ಬದಲಿಗೆ ಎರಡು ಇಂಜೆಕ್ಷನ್ ಕೊಡುವುದೂ ಉಂಟು, ದುಬಾರಿ. ಅಯೋಡಿನ್ ಉಪ್ಪು, ಸಮುದ್ರದ ಮೀನು, ಹಾಲು ಒಂದೆರಡು ವಾರ ಬಿಡಬೇಕು. ಮದುವೆ ಮನೆಯಲ್ಲಿ ಇದು ಕಷ್ಟ, ಈ ಚಿಕಿತ್ಸೆಯ ದಿನಾಂಕವನ್ನು ವೈದ್ಯರ ಜೊತೆ ಮಾತಾಡಿ ಹೊಂದಿಸಿಕೊಳ್ಳಬಹುದು. ಸೂಜಿ ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ.

ಆಣೆಯ ವಿಷಯ: 'ಸೂಜಿ ಪರೀಕ್ಷೆಗೆ ನಾವಿಬ್ಬರೇ ಹೋಗೋಣ. ಕೊಬ್ಬಿನ ಗಂಟಾದರೆ ನಾನು ಬಾಯಿ ಬಿಡೋದಿಲ್ಲ. ಅಲ್ಲದಿದ್ದರೆ ತಮ್ಮನಿಗೆ ನೀವೇ ಹೇಳಬೇಕು' ಎಂದು ಅವ್ವನ ಪಕ್ಕ ಕುಳಿತು ಹೇಳಿ. ಒಪ್ಪುತ್ತಾರೆ ಎನಿಸುತ್ತದೆ.

ಇನ್ನೊಂದು. ನಮ್ಮ ಕಡೆ ಎದ್ದ ಕೂಡಲೇ ಕಾಫಿ. ಥೈರಾಯ್ಡ್ ಮಾತ್ರೆ ಬರಿಯ ನೀರಿನಲ್ಲಿ, ಖಾಲಿ ಹೊಟ್ಟೆಗೆ, ಕಾಫಿ ಒಂದು ಗಂಟೆ ಬಿಟ್ಟು. ಜೊತೆಗೇ ಕುಡಿದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳದೆ ಟಿಎಸ್‌ಎಚ್ ಏರುತ್ತದೆ, ಉಳಿದ ಕ್ಯಾನ್ಸರ್ ಕಣಗಳಿಗೆ ಅದೇ ಗೊಬ್ಬರ. ಗಂಟನ್ನು ಹಿಂಡಬೇಡಿ, ಸೊಪ್ಪಿನ ರಸ ಹಚ್ಚಬೇಡಿ. ರಕ್ತ ಬಂದರೆ ಶುದ್ಧ ಬಟ್ಟೆ ಹತ್ತು ನಿಮಿಷ ಒತ್ತಿ ಹಿಡಿಯಿರಿ.