ಕ್ಯಾನನ್ ಡಿಎಸ್‌ಎಲ್‌ಆರ್ ಬಿಟ್ಟು ಸೋನಿ ಮಿರರ್‌ಲೆಸ್‌ಗೆ ಹೋಗಬೇಕಾ?
ವಿಜಯಪುರದಲ್ಲಿ ಮದುವೆ ಫೋಟೋ ತೆಗೆಯುತ್ತೀರಿ, ಕೈಯಲ್ಲಿ ಇಎಫ್, ಅಂದ್ರೆ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹೊಂದುವ ಲೆನ್ಸ್‌ಗಳಿವೆ ಅಂದಿದ್ದೀರಿ. ಹಾಗಿದ್ದರೆ ಬೇಡ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಬೇಕೇ ಬೇಕು ಅಂದ್ರೆ ಕ್ಯಾನನ್‌ದೇ ಆರ್‌ಎಫ್ ಮೌಂಟ್ (ಲೆನ್ಸ್ ಕೂರುವ ಜಾಗ) ಇರುವ ಬಾಡಿ ತಗೊಳ್ಳಿ, ಹಳೇ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸಿ.

ಡಿಎಸ್‌ಎಲ್‌ಆರ್ ಒಳಗೆ ಕನ್ನಡಿಗೆ ಜಾಗ ಬೇಕಲ್ವಾ, ಅದಕ್ಕೇ ಇಎಫ್ ಮೌಂಟ್‌ನಿಂದ ಸೆನ್ಸರ್‌ಗೆ 44 ಮಿಲಿಮೀಟರ್ ದೂರ ಇಟ್ಟಿದ್ದಾರೆ. ಆರ್‌ಎಫ್‌ನಲ್ಲಿ ಕನ್ನಡಿ ಇಲ್ಲ, ದೂರ ಬರೀ 20. ನಡುವಿನ 24 ಮಿಲಿಮೀಟರ್ ತುಂಬುವುದಷ್ಟೇ ಅಡಾಪ್ಟರ್ ಕೆಲಸ. ಮಾಮೂಲಿ ಅಡಾಪ್ಟರ್ ಅಂದ್ರೆ ಗಾಜಿಲ್ಲದ ಟೊಳ್ಳು ಬಳೆ ಇದ್ದಂಗೆ, ಹಾಗಾಗಿ ಫೋಟೋ ಕೆಡುವುದಿಲ್ಲ. ಲೆನ್ಸ್, ಬಾಡಿ ಎರಡೂ ಒಂದೇ ಕಂಪನಿಯವು, ಆಟೋಫೋಕಸ್ ಸಲೀಸಾಗಿ ನಡೆಯುತ್ತದೆ. ಸೋನಿಗೂ ಅಡಾಪ್ಟರ್ ಸಿಗುತ್ತದೆ, ಆದರೆ ಬೇರೆ ಕಂಪನಿಯವರದು, ಕೆಲವು ಲೆನ್ಸ್ ಜೊತೆ ಫೋಕಸ್ ತಡವರಿಸುತ್ತದೆ. ಅಕ್ಕಿಕಾಳು ಬೀಳುವ ಹೊತ್ತಲ್ಲಿ ಆ ತಲೆನೋವು ಯಾಕೆ?

ಎಲ್ಲ ಲೆನ್ಸ್ ಮಾರಿ ಹೊಸದಾಗಿ ಶುರು ಮಾಡುವವರಿಗೆ ಲೆಕ್ಕ ಬೇರೆ, ಸೋನಿಗೆ ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಗಳ ಲೆನ್ಸ್ ಜಾಸ್ತಿ ಇವೆ.

ಇನ್ನು ಗೋಳಗುಮ್ಮಟದ ಒಳಗಿನ ಮಬ್ಬು ಬೆಳಕಲ್ಲಿ ಫೋಟೋ ಕಾಳು ಕಾಳಾಗಿ ಬರುತ್ತದೆ ಅನ್ನೋದೇ ನಿಮ್ಮ ತಕರಾರಾದರೆ, ಸುಮ್ನೆ ಬಾಡಿ ಬದಲಿಸಬೇಡಿ. ಕ್ಯಾಮೆರಾ ಜೊತೆ ಬಂದ ಎಫ್/5.6ರ ಕಿಟ್ ಲೆನ್ಸ್ ತೆಗೆದು 50 ಎಂಎಂ ಎಫ್/1.8 ಲೆನ್ಸ್ ಹಾಕಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಬಾಯಿ ದೊಡ್ಡದು, ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬರುತ್ತದೆ.